ಕಿರಿದಾದ ಅಡುಗೆಮನೆ, ಹಿರಿದಾದ ದಾಸೋಹ

ಅಡುಗೆಮನೆಯೆಂದರೆ ಹೊಟ್ಟೆಗೆ ಬೇಯಿಸುವ ಕೋಣೆಯಷ್ಟೇ ಅಲ್ಲ, ಅದು ಪ್ರಸಾದವು ಸಿದ್ಧವಾಗುವ ಸ್ಥಳ ಎಂಬುದು ಶರಣ ಪರಂಪರೆಯಲ್ಲಿ ಬೆಳೆದ ಮನೆಗಳಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಆದರೆ ಇಂದು ಬೆಂಗಳೂರು, ಹುಬ್ಬಳ್ಳಿಗಳಂತಹ ನಗರಗಳ ಬಾಡಿಗೆ ಮನೆಗಳಲ್ಲಿ ಆ ಸ್ಥಳವು ಎಷ್ಟು ಕಿರಿದಾಗಿದೆಯೆಂದರೆ, ಇಬ್ಬರು ಒಳಗೆ ನಿಂತರೆ ಮೂರನೆಯವರು ಹೊಸ್ತಿಲಾಚೆಯೇ ಉಳಿಯಬೇಕು. ಕಟ್ಟೆಯ ಮೇಲೆ ಒಲೆ, ಕೆಳಗೆ ಗ್ಯಾಸಿನ ಸಿಲಿಂಡರು, ಗೋಡೆಗೆ ಎರಡು ಗೂಡು. ಇಷ್ಟರಲ್ಲಿ ಏನನ್ನು ಇಡಬೇಕು, ಎಷ್ಟನ್ನು ಇಡಬೇಕು, ಹೇಳದೆ ಬಂದ ಅತಿಥಿಗೆ ಏನನ್ನು ನೀಡಬೇಕು ಎಂಬುದು ಗೃಹಿಣಿಯರ ನಿತ್ಯದ ಚಿಂತೆ. ಇದು ಹೆಣ್ಣುಮಕ್ಕಳ ವಿಷಯವೆಂದು ಪುಟ ತಿರುವಲು ಹೊರಟ ಗಂಡಸರು ದಯವಿಟ್ಟು ತುಸು ತಡೆಯಬೇಕು. ಸಂತೆಯಿಂದ ಬೇಡದ್ದನ್ನು ಹೊತ್ತು ತರುವವರು ಬಹುಮಟ್ಟಿಗೆ ಅವರೇ!

ನಮ್ಮ ಹಿರಿಯರು ಕೂಡಿಟ್ಟರು, ನಿಜ. ವಿಜಯಪುರ, ಗದಗ, ಧಾರವಾಡ ಪ್ರಾಂತಗಳ ಕಪ್ಪು ನೆಲದ ಊರುಗಳಲ್ಲಿ ಜೋಳವನ್ನು ಹಗೇವುಗಳಲ್ಲಿ ತುಂಬಿಡುತ್ತಿದ್ದರು. ನೆಲದಲ್ಲಿ ಆಳವಾಗಿ ತೋಡಿದ ಗುಂಡಿ, ಒಳಬದಿಗೆ ಒಣಹುಲ್ಲು, ಬಾಯಿಗೆ ಕಲ್ಲುಚಪ್ಪಡಿ, ಅದರ ಮೇಲೆ ಮಣ್ಣು. ಒಳಗಿನ ಕಾಳು ಉಸಿರಾಡುತ್ತ ಪ್ರಾಣವಾಯುವನ್ನು ತೀರಿಸಿಬಿಡುವುದರಿಂದ ಹುಳುಗಳು ಬದುಕಲಾರವು. ಈ ಕಾರಣಕ್ಕಾಗಿಯೇ ಹಗೇವನ್ನು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಮೊದಲು ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಕಾಲಿಡುತ್ತಿದ್ದರು. ಇಷ್ಟೆಲ್ಲ ಶ್ರಮಕ್ಕೆ ಕಾರಣ ಲೋಭವಲ್ಲ, ಮಳೆಯ ಭಯ. 1876ರಿಂದ 78ರವರೆಗಿನ ಮಹಾಬರದಲ್ಲಿ ಈ ನಾಡು ಅನುಭವಿಸಿದ ಸಂಕಟವನ್ನು ನೆನೆದರೆ, ತುಂಬಿದ ಹಗೇವು ಆ ಕಾಲದಲ್ಲಿ ಪ್ರಾಣರಕ್ಷಕವೇ ಆಗಿತ್ತೆಂದು ತಿಳಿಯುತ್ತದೆ.

ಇದಕ್ಕೆ ಪ್ರತಿಯಾಗಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ಕೆಲವರು ಮುಂದಿಡುತ್ತಾರೆ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿನ ಅಳತೆಗಿಂತ ಹೆಚ್ಚು ತಂದಾಗ, ಲಕ್ಕಮ್ಮ ಅದನ್ನು ಒಳಗೆ ಸೇರಿಸಿಕೊಳ್ಳದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಮರಳಿ ಕಳುಹಿಸಿದಳು. ಶೂನ್ಯಸಂಪಾದನೆಯಲ್ಲಿಯೂ ಈ ದಂಪತಿಗಳ ವೃತ್ತಾಂತಕ್ಕೆ ಸ್ಥಾನವಿದೆ. ನಾಳೆಗೆಂದು ಏನನ್ನೂ ಇಡಲೇಬಾರದೆಂದು ಇದಕ್ಕೆ ಅರ್ಥ ಹಚ್ಚುವುದು ನನಗೆ ಒಪ್ಪಿತವಲ್ಲ. ಲಕ್ಕಮ್ಮನಿಗೆ ತನ್ನ ಮನೆಯ ಅಳತೆ ತಿಳಿದಿತ್ತು; ಆದ್ದರಿಂದಲೇ ಆ ದಿನ ಬಂದದ್ದು ಹೆಚ್ಚೆಂದು ಆಕೆ ಒಡನೆಯೇ ಕಂಡುಕೊಂಡಳು. ನಮ್ಮಲ್ಲಿ ಎಷ್ಟು ಗೃಹಸ್ಥರಿಗೆ ತಮ್ಮ ಮನೆಗೆ ದಿನವೊಂದಕ್ಕೆ ಬೇಕಾದ ಹಿಟ್ಟಿನ ಅಳತೆ ಗೊತ್ತಿದೆ?

ಬೆಂಗಳೂರಿನಲ್ಲಿ ನನಗೆ ಪರಿಚಿತವಾದ ಒಂದು ಮನೆಯಲ್ಲಿ ಇದೇ ವಿಷಯ ಮನಸ್ತಾಪಕ್ಕೆ ಕಾರಣವಾಗಿತ್ತು. ಹಾವೇರಿಯ ಕಡೆಯಿಂದ ಅತ್ತೆ ಪ್ರತಿವರ್ಷ ಸುಗ್ಗಿ ಮುಗಿದೊಡನೆ ಒಂದು ಕ್ವಿಂಟಲ್ ಜೋಳದ ಚೀಲವನ್ನು ಕಳುಹಿಸುವರು. ಅದು ಮಂಚದ ಕೆಳಗೆ ಮಲಗುವುದು. ಮಳೆಗಾಲದಲ್ಲಿ ನುಸಿ ಹಿಡಿಯುವುದು. ಅರ್ಧ ಜೋಳ ಹಕ್ಕಿಗಳ ಪಾಲು. "ಅತ್ತೀ, ಇಡೂದೆಲ್ಲಿ ನೀವಽ ಹೇಳ್ರಿ" ಎಂದು ಸೊಸೆ ಕಣ್ಣೀರು ತಂದುಕೊಂಡರೆ, "ಖಾಲಿ ಡಬ್ಬಿ ಕಂಡ್ರ ನನ್ನ ಜೀವ ಹೆದರ್ತದವ್ವಾ" ಎಂದು ಆ ಹಿರಿಯ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡರು. ಇಬ್ಬರ ಮಾತಿನಲ್ಲಿಯೂ ಸುಳ್ಳಿರಲಿಲ್ಲ. ಒಬ್ಬರು ಹಗೇವಿನ ಕಾಲದವರು, ಇನ್ನೊಬ್ಬರ ಮನೆಯ ಬೀದಿಯ ತಿರುವಿನಲ್ಲಿಯೇ ಕಿರಾಣಿ ಅಂಗಡಿ.

ಲೆಕ್ಕ ಹಾಕಿದೆವು. ಒಂದು ಕಿಲೋ ಹಿಟ್ಟಿಗೆ ಸುಮಾರು 12 ರೊಟ್ಟಿ. ನಾಲ್ಕು ಜನರ ಆ ಮನೆಯಲ್ಲಿ ದಿನಕ್ಕೊಂದು ಹೊತ್ತು ರೊಟ್ಟಿ, ತಲೆಗೆರಡರಂತೆ 8. ಅಂದರೆ 15 ದಿನಕ್ಕೆ 10 ಕಿಲೋ, ತಿಂಗಳಿಗೆ 20 ಕಿಲೋ. ಆ ಚೀಲ ತೀರಲು ಐದು ತಿಂಗಳು ಬೇಕು! ಜೋಳದ ಹಿಟ್ಟು ಹಳತಾದಂತೆ ಜಿಗಿ ಕಳೆದುಕೊಳ್ಳುತ್ತದೆ, ರೊಟ್ಟಿ ತಟ್ಟುವಾಗ ಹರಿಯುತ್ತದೆ, ಕಹಿಯೂ ಆಗುತ್ತದೆ. ಆದುದರಿಂದ ಹದಿನೈದು ದಿನಗಳಿಗೆ ಸಾಕಾಗುವ 10 ಕಿಲೋ ಕಾಳನ್ನು ಮಾತ್ರ ಒಮ್ಮೆಗೆ ಗಿರಣಿಗೆ ಹಾಕಿಸುವುದು ಯುಕ್ತ. ಈಗ ಆ ಚೀಲ ಊರಿನ ಅಟ್ಟದಲ್ಲಿಯೇ ಉಳಿದಿದೆ. ಮಗ ತಿಂಗಳಿಗೊಮ್ಮೆ ಊರಿಗೆ ಹೋದಾಗ 20 ಕಿಲೋ ತರುತ್ತಾನೆ. ತಾಯಿಯನ್ನು ತಿಂಗಳಿಗೊಮ್ಮೆ ಕಾಣುವಂತಾದದ್ದು ಜೋಳದ ಜೊತೆಗೆ ಬಂದ ಲಾಭ.

ಡಬ್ಬಿಗಳ ವಿಷಯದಲ್ಲಿ ಹಗೇವಿನ ಪಾಠ ಇಂದಿಗೂ ಸಲ್ಲುತ್ತದೆ. ಅರ್ಧ ಖಾಲಿಯಾದ ದೊಡ್ಡ ಡಬ್ಬಿಯಲ್ಲಿ ಗಾಳಿ ಹೆಚ್ಚು, ಹುಳುವಿಗೆ ಬದುಕು ಸುಲಭ. ಕಂಠಮಟ್ಟ ತುಂಬಿ ಬಿಗಿಯಾಗಿ ಮುಚ್ಚಿದ ಚಿಕ್ಕ ಡಬ್ಬಿಗಳು ಲೇಸು. ಒಂದು ತೀರಿದ ಮೇಲೆಯೇ ಇನ್ನೊಂದರ ಬಾಯಿ ತೆರೆಯಬೇಕು. ಬೇಳೆಕಾಳುಗಳನ್ನು ಬಿಸಿಲಿಗೆ ಹಾಕಿ, ಆರಿದ ಮೇಲೆ ತುಂಬಬೇಕು. ತೊಗರಿಬೇಳೆಗೆ ತುಸು ಔಡಲೆಣ್ಣೆ ಸವರುವ ಹಳೆಯ ರೂಢಿಯನ್ನು ಬಿಡಬೇಕಾಗಿಲ್ಲ. ಹೊಸದನ್ನು ಹಳೆಯದರ ಮೇಲೆ ಸುರಿಯುವುದು ಮಾತ್ರ ಕೂಡದು.

ಇನ್ನು ವಾರದ ಅಡುಗೆಯ ಕ್ರಮ. ಭಾನುವಾರ ಕಾಯಿಪಲ್ಯ ತಂದರೆ ಮೆಂತ್ಯ, ಪಾಲಕ, ಪುಂಡಿ ಮೊದಲಾದ ಸೊಪ್ಪುಗಳು ಮೊದಲ ಎರಡು ದಿನಗಳಲ್ಲಿ ಮುಗಿಯಬೇಕು. ನಡುವಿನ ದಿನಗಳಿಗೆ ಬದನೆ, ಬೆಂಡೆ, ಹೀರೆ. ವಾರದ ಕೊನೆಗೆ ಬುಟ್ಟಿ ಬರಿದಾದಾಗ ಹೆಸರು, ಮಡಿಕೆ, ಅಲಸಂದೆಗಳು ಕೈಹಿಡಿಯುತ್ತವೆ. ಒಮ್ಮೆ ನೆನೆಸಿ ಮೊಳಕೆ ಬರಿಸಿದ ಹೆಸರು ಒಂದು ದಿನ ಕೋಸಂಬರಿ, ಮರುದಿನ ಪಲ್ಯ. ಅದೂ ಇಲ್ಲವೆಂದಾದರೆ ಕಡಲೆಹಿಟ್ಟಿನ ಝುಣಕವಿದೆ. ಅದಕ್ಕೆ ಒಂದು ಈರುಳ್ಳಿ ಸಾಕು. ಹೋಳಿಗೆಯ ದಿನ ಬೇಳೆ ಬಸಿದ ಕಟ್ಟನ್ನು ಚೆಲ್ಲದೆ ಸಾರು ಮಾಡಿದ ನಮ್ಮ ಅಜ್ಜಿಯರು ಈ ಜಾಣ್ಮೆಯನ್ನು ಯಾವ ಶಾಲೆಯಲ್ಲಿಯೂ ಕಲಿತವರಲ್ಲ. ಅದೇ ಕಟ್ಟಿನ ಸಾರಿಗಾಗಿ ಇಂದು ಮಕ್ಕಳು ಹೋಳಿಗೆಯನ್ನೇ ಮರೆಯುತ್ತಾರೆ! ತಂಪುಪೆಟ್ಟಿಗೆ ಇರುವ ಮನೆಗಳಲ್ಲಿ ಮೂರು ದಿನಗಳ ಸಾರು ಕೂಡಿಬೀಳುವುದನ್ನು ಕಂಡಿದ್ದೇನೆ. ಜಾಗ ಉಳಿಸುವ ಯಂತ್ರವನ್ನು ಮರೆವಿನ ಗೂಡಾಗಿ ಮಾಡಿಕೊಂಡರೆ ಪ್ರಯೋಜನವೇನು? ಬಡಿಸಿದ್ದನ್ನು ಪೂರ್ಣವಾಗಿ ಸ್ವೀಕರಿಸಿ, ತಟ್ಟೆಯನ್ನು ತೊಳೆದು ಆ ನೀರನ್ನೂ ಕುಡಿಯುವ ಪದ್ಧತಿ ಮಠಗಳ ಪಂಕ್ತಿಗಳಲ್ಲಿ ಇದೆ. ಆ ಪದ್ಧತಿ ಮನೆಯಲ್ಲಿ ನಡೆಯಬೇಕಾದರೆ ಅದು ಅಕ್ಕಿಯನ್ನು ಅಳೆಯುವ ಪಾವಿನಿಂದಲೇ ಆರಂಭವಾಗಬೇಕು.

ಇಷ್ಟಾದರೂ ತಾಯಂದಿರ ಒಂದು ಆಕ್ಷೇಪ ಉಳಿಯುತ್ತದೆ. ಅಳತೆಗೆ ಸರಿಯಾಗಿ ಅಡುಗೆ ಮಾಡಿದ ದಿನವೇ ಜಂಗಮರು ಬಾಗಿಲಿಗೆ ಬಂದರೆ? ಇದು ತೂಕದ ಪ್ರಶ್ನೆ. ದಾಸೋಹಕ್ಕೆ ಎಡೆಯಿಲ್ಲದ ಮಿತವ್ಯಯವು ಕೇವಲ ಜಿಪುಣತನ. ಉತ್ತರಕ್ಕಾಗಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಕಡೆಗೆ ನೋಡಬಹುದು. ಅಲ್ಲಿ ಲಕ್ಷಾಂತರ ಭಕ್ತರ ಪ್ರಸಾದಕ್ಕೆ ಬೇಕಾದ ರೊಟ್ಟಿಯೆಲ್ಲವೂ ಮಠದ ಒಲೆಯಲ್ಲಿ ಬೇಯುವುದಿಲ್ಲ. ಸುತ್ತಣ ಹಳ್ಳಿಗಳ ತಾಯಂದಿರು ತಮ್ಮ ತಮ್ಮ ಮನೆಗಳಲ್ಲಿ ತಟ್ಟಿ ಒಣಗಿಸಿದ ರೊಟ್ಟಿಗಳು ಗಾಡಿ, ಟ್ರ್ಯಾಕ್ಟರುಗಳಲ್ಲಿ ಬಂದು ಸೇರುತ್ತವೆ. ಕೆಡದ ಪದಾರ್ಥ, ಹಂಚಿಕೊಂಡ ಹೊರೆ: ಈ ಎರಡನ್ನು ಚಿಕ್ಕ ಮನೆಗೂ ತರಬಹುದು.

ಗೂಡಿನಲ್ಲಿ ಒಂದು ಡಬ್ಬಿಯನ್ನು ಅತಿಥಿಗೆಂದೇ ಮೀಸಲಿಡಬೇಕು. ಹತ್ತು ಹನ್ನೆರಡು ಕಡಕ್ ರೊಟ್ಟಿ, ಒಂದು ಚಿಕ್ಕ ಸೀಸೆಯಲ್ಲಿ ಶೇಂಗಾ ಚಟ್ನಿಪುಡಿ, ಇನ್ನೊಂದರಲ್ಲಿ ಅಗಸಿಯದು ಅಥವಾ ಗುರೆಳ್ಳಿನದು, ಪಕ್ಕದಲ್ಲಿ ಒಂದು ಪಾವು ಅವಲಕ್ಕಿ. ಮೊಸರು ಅಂಗಡಿಯಲ್ಲಿ ದೊರೆಯುತ್ತದೆ. ಇಲ್ಲವೆಂದರೆ ನೆರೆಮನೆಯ ಅಕ್ಕನನ್ನು ಕೇಳಲು ಸಂಕೋಚವೇಕೆ? ಒಂದೇ ಕಟ್ಟಡದ ಮೂರು ಮನೆಯವರು ಮಾತಾಡಿಕೊಂಡು, ಒಬ್ಬರು ರೊಟ್ಟಿ, ಒಬ್ಬರು ಚಟ್ನಿಪುಡಿ, ಒಬ್ಬರು ಸಿಹಿಗೆ ಮಾದಲಿ ಇಟ್ಟುಕೊಂಡರೆ ಯಾರ ಗೂಡೂ ಇಕ್ಕಟ್ಟಾಗದು. ಡಬ್ಬಿಯನ್ನು ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿಡಬೇಕೆಂದು ಬೇರೆ ಹೇಳಬೇಕಾಗಿಲ್ಲ. ತಿಂಗಳು ಕಳೆದರೂ ಯಾರೂ ಬಾರದಿದ್ದರೆ ಆ ರೊಟ್ಟಿಗಳನ್ನು ಮುರಿದು, ನೀರು ಚಿಮುಕಿಸಿ, ಈರುಳ್ಳಿ ಹಸಿಮೆಣಸಿನಕಾಯಿಯ ಒಗ್ಗರಣೆ ಕೊಟ್ಟು ಮನೆಯವರೆಲ್ಲ ಸ್ವೀಕರಿಸಿ, ಮರುದಿನವೇ ಡಬ್ಬಿಯನ್ನು ಹೊಸ ರೊಟ್ಟಿಯಿಂದ ತುಂಬಿಡಬೇಕು.