ಕಂಪನವೂ ಕಂಬನಿಯೂ

ಶಬ್ದವೆಂದರೆ ಗಾಳಿಯ ಒತ್ತಡದಲ್ಲಿ ಉಂಟಾಗುವ ಅತ್ಯಲ್ಪ ಏರಿಳಿತ. ಭೌತಶಾಸ್ತ್ರದ ದೃಷ್ಟಿಯಲ್ಲಿ ಅದಕ್ಕೆ ಆವೃತ್ತಿಯುಂಟು, ವಿಸ್ತಾರವುಂಟು. ದುಃಖವಾಗಲಿ ಆಶೆಯಾಗಲಿ ಇಲ್ಲ. ಆದರೂ ಮಾತಿನ ಹಂಗಿಲ್ಲದ ವಾದ್ಯಸಂಗೀತವು ಶೋಕವನ್ನೂ ಶಾಂತಿಯ ಹಂಬಲವನ್ನೂ ಕೇಳುಗನ ಎದೆಗೆ ಮುಟ್ಟಿಸಬಲ್ಲದು. ಇದು ಹೇಗೆ ಸಾಧ್ಯ? ಒಂದು ಕೃತಿಯನ್ನು ಉದಾಹರಣೆಯಾಗಿ ತೆಗೆದುಕೊಂಡು ವಿಚಾರಮಾಡೋಣ.

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಫ್ರೆಂಚ್ ಸೈನ್ಯದಲ್ಲಿದ್ದ ಸಂಗೀತರಚನಕಾರ ಒಲಿವಿಯೇ ಮೆಸಿಯಾನ್ ಜರ್ಮನರಿಗೆ ಸೆರೆಸಿಕ್ಕಿ, ಗ್ಯೋರ್ಲಿಟ್ಸ್ ನಗರದ ಯುದ್ಧಕೈದಿಗಳ ಶಿಬಿರವನ್ನು ಸೇರಿದನು. ಅಲ್ಲಿ ಅವನಿಗೆ ದೊರೆತ ವಾದಕರು ಮೂವರೇ: ಕ್ಲಾರಿನೆಟ್, ಪಿಟೀಲು ಮತ್ತು ಚೆಲೊ ನುಡಿಸುವವರು. ಪಿಯಾನೊ ನುಡಿಸಲು ತಾನೇ ಇದ್ದನು. ಈ ನಾಲ್ವರಿಗಾಗಿ ಅವನು 8 ಭಾಗಗಳುಳ್ಳ ‘ಕಾಲಾಂತ್ಯದ ಚತುರ್ವಾದ್ಯ’ವನ್ನು ರಚಿಸಿದನು. ಇನ್ನು ಕಾಲವಿರದೆಂದು ದೇವದೂತನು ಸಾರುವ ಬೈಬಲಿನ ಪ್ರಸಂಗವೇ ಅದಕ್ಕೆ ಪ್ರೇರಣೆ. 1941ರ ಜನವರಿ 15ರಂದು, ಕೊರೆಯುವ ಚಳಿಯಲ್ಲಿ, ಕೈದಿಗಳೂ ಅವರನ್ನು ಕಾಯುತ್ತಿದ್ದ ಅಧಿಕಾರಿಗಳೂ ಒಟ್ಟಿಗೆ ಕುಳಿತು ಅದನ್ನು ಕೇಳಿದರು.

ಮೂರನೆಯ ಭಾಗವನ್ನು ಕ್ಲಾರಿನೆಟ್ ಒಂದೇ ನುಡಿಸುತ್ತದೆ. ಅದರ ಹೆಸರು ‘ಹಕ್ಕಿಗಳ ಪಾತಾಳ’. ಪಾತಾಳವೆಂದರೆ ಬೇಸರ ದುಃಖಗಳಿಂದ ತುಂಬಿದ ಕಾಲ. ಹಕ್ಕಿಗಳೆಂದರೆ ಬೆಳಕಿನ ಹಂಬಲ. ಇಲ್ಲಿ ಕೆಲವು ಸ್ವರಗಳು ಕೇಳಿಯೂ ಕೇಳಿಸದಷ್ಟು ಮೆಲ್ಲನೆ ಮೊದಲಾಗಿ, ಒಂದೇ ಉಸಿರಿನಲ್ಲಿ ಬೆಳೆದು ಕಿವಿ ತುಂಬುವಷ್ಟು ಗಟ್ಟಿಯಾಗುತ್ತವೆ. ಕ್ಲಾರಿನೆಟ್ಟಿನ ಬಾಯಲ್ಲಿ ಜೊಂಡಿನ ತೆಳುಪಟ್ಟಿಯೊಂದು ಅದುರುತ್ತಿರುತ್ತದೆ. ಮೆಲ್ಲಗೆ ಊದಿದಾಗ ಮೂಲಸ್ವರವೊಂದೇ ಹೆಚ್ಚುಕಡಿಮೆ ಶುದ್ಧವಾಗಿ ಹೊರಡುತ್ತದೆ. ಬಲವಾಗಿ ಊದಿದಂತೆಲ್ಲ ಮೂಲ ಆವೃತ್ತಿಯ 3, 5, 7 ಪಟ್ಟು ಆವೃತ್ತಿಯುಳ್ಳ ಮೇಲ್ಸ್ವರಗಳೂ ಮತ್ತಿತರ ಮೇಲ್ಸ್ವರಗಳೂ ಬಲಗೊಳ್ಳುತ್ತವೆ. ಆದುದರಿಂದ ಸ್ವರದ ಗಾತ್ರದೊಡನೆ ಅದರ ಬಣ್ಣವೂ ಬದಲಾಗುತ್ತದೆ. ಅಡಗಿದ್ದ ಸಂಕಟವೊಂದು ಬಾಯಿಬಿಟ್ಟಂತೆ ನಮಗೆ ತೋರುವುದು ಇದರಿಂದಲೇ.

ಐದನೆಯ ಭಾಗದಲ್ಲಿ ಚೆಲೊ ಮತ್ತು ಪಿಯಾನೊ ಜೊತೆಗೂಡುತ್ತವೆ. ಪಿಯಾನೊವಿನ ಸುತ್ತಿಗೆ ತಂತಿಯನ್ನು ಒಮ್ಮೆ ಹೊಡೆದು ಹಿಂದೆ ಸರಿಯುತ್ತದೆ. ಕೊಟ್ಟ ಶಕ್ತಿ ಅಷ್ಟೇ. ಅದು ಹಲಗೆಗೂ ಗಾಳಿಗೂ ಹರಿದು ಕಂಪನವು ಕ್ಷೀಣಿಸುತ್ತದೆ. ವೀಣೆಯ ತಂತಿಯನ್ನು ಒಮ್ಮೆ ಮೀಟಿ ಸುಮ್ಮನೆ ಕುಳಿತು ಆಲಿಸಿದರೆ ವಿದ್ಯಾರ್ಥಿಗಳು ಇದನ್ನು ತಾವೇ ತಿಳಿಯಬಹುದು. ಚೆಲೊ ಹಾಗಲ್ಲ. ರಾಳ ಸವರಿದ ಕಮಾನು ತಂತಿಯನ್ನು ಹಿಡಿದೆಳೆಯುತ್ತದೆ, ತಂತಿ ಜಾರುತ್ತದೆ, ಮತ್ತೆ ಹಿಡಿತಕ್ಕೆ ಸಿಕ್ಕುತ್ತದೆ. 220 ಆವೃತ್ತಿಯ ಸ್ವರದಲ್ಲಿ ಇದು ಸೆಕೆಂಡಿಗೆ 220 ಸಲ ನಡೆಯುತ್ತದೆ. ಹೀಗೆ ಕಳೆದ ಶಕ್ತಿಯನ್ನು ಕಮಾನು ಮರಳಿ ತುಂಬುತ್ತಿರುವುದರಿಂದ ಸ್ವರವು ಬಾಡದೆ ನಿಲ್ಲುತ್ತದೆ. ಒಂದು ವಾದ್ಯದ ಪ್ರತಿ ಸ್ವರವೂ ಹುಟ್ಟಿದೊಡನೆಯೇ ಅಳಿಯತೊಡಗುತ್ತದೆ. ಇನ್ನೊಂದರದು ಅದರ ಮೇಲೆ ಅಳಿಯದೆ ಸಾಗುತ್ತದೆ. ಕೊನೆಯ ಭಾಗದಲ್ಲಿ ಪಿಟೀಲು ಇದೇ ಬಗೆಯಲ್ಲಿ, ಅತಿ ವಿಳಂಬವಾಗಿ, ತಾರಸ್ಥಾಯಿಗೆ ಏರಿ ಮೌನದಲ್ಲಿ ಲೀನವಾಗುತ್ತದೆ. ಯುದ್ಧದ ವಿರುದ್ಧ ಘೋಷಣೆ ಇಲ್ಲೆಲ್ಲಿಯೂ ಇಲ್ಲ. ಭಕ್ತನಾದ ಮೆಸಿಯಾನ್ ಹಂಬಲಿಸಿದ್ದು ಕಾಲವನ್ನೇ ಮೀರಿದ ಶಾಂತಿಗಾಗಿ.

ಹಾಗಾದರೆ ಶೋಕವೂ ಆಶೆಯೂ ಕಂಪನದಲ್ಲಿಯೇ ಅಡಗಿವೆಯೆ? ಇಲ್ಲವೆನ್ನಲು ಒಂದು ಸಂಗತಿ ಸಾಕು. ಚೆಲೊ ನುಡಿಸುವ ಆ ರಾಗಧಾರೆಯನ್ನು ಮೆಸಿಯಾನ್ ಮೊದಲು ರಚಿಸಿದುದು 1937ರ ಪ್ಯಾರಿಸ್ ವಸ್ತುಪ್ರದರ್ಶನದ ಜಲೋತ್ಸವಕ್ಕಾಗಿ, ವಿದ್ಯುತ್ತಿನಿಂದ ನುಡಿಯುವ ವಾದ್ಯಗಳಿಗೆ. ಅಂದು ಕಾರಂಜಿಗಳ ನಡುವೆ ಮೊಳಗಿದುದೇ ಸೆರೆಮನೆಯ ಚಳಿಯಲ್ಲಿ ಪ್ರಾರ್ಥನೆಯಾಯಿತು. ಸ್ವರವು ಏಕೆ ಬಾಡುತ್ತದೆ, ಏಕೆ ನಿಲ್ಲುತ್ತದೆ ಎಂಬುದನ್ನು ವಿಜ್ಞಾನವು ತಿಳಿಸುತ್ತದೆ. ಆ ಬಾಡುವಿಕೆಯಲ್ಲಿ ತಮ್ಮ ನಷ್ಟವನ್ನೂ ಆ ನಿಲುವಿನಲ್ಲಿ ತಮ್ಮ ಆಶೆಯನ್ನೂ ಕಾಣುವ ಕೆಲಸ ಮಾತ್ರ ರಚಿಸಿದವನದು, ನುಡಿಸಿದವರದು, ಅಂದು ಅಲ್ಲಿ ಕುಳಿತು ಕೇಳಿದವರದು.