‘ಯಾಕ ಆಗಲಿಲ್ಲ?’

ಸಂದರ್ಶನಕ್ಕೆ ಹೋಗಿಬಂದು ಕೆಲಸ ಸಿಗದವನನ್ನು ಊರು ಕೇಳುವ ಪ್ರಶ್ನೆ ಒಂದೇ: ‘ಯಾಕ ಆಗಲಿಲ್ಲ?’ ರಾಯಚೂರು ಜಿಲ್ಲೆಯ ಮಲ್ಲಟ ನನ್ನ ಊರು. ಪದವಿ ಮುಗಿಸಿದ ವರ್ಷ ಖಾಸಗಿ ಸಂಸ್ಥೆಯೊಂದರಿಂದ ‘ತಾವು ಆಯ್ಕೆಯಾಗಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ’ ಎಂಬ ಒಂದು ಸಾಲಿನ ಕಾಗದ ಬಂದಾಗ ನಮ್ಮವ್ವನೂ ಅದನ್ನೇ ಕೇಳಿದಳು. ‘ಎಲ್ಲಾ ವಶೀಲಿ ಬೇ’ ಎಂದುಬಿಟ್ಟೆ. ವಶೀಲಿ ನಡೆದಿತ್ತೆನ್ನಲು ನನ್ನಲ್ಲಿ ಯಾವ ಆಧಾರವೂ ಇರಲಿಲ್ಲ. ನಿಜವಾದ ಕಾರಣ ತಿಳಿಯದ ಕಡೆ ಒಂದು ಮಾತನ್ನು ಇಟ್ಟಿದ್ದೆ, ಅಷ್ಟೆ.

ಕಾರಣ ತಿಳಿಯದ ಸೋಲಿನ ಸ್ವಭಾವವೇ ಹಾಗೆ. ‘ಲೋಕವೇ ಕೆಟ್ಟದ್ದು’ ಎಂದಾದರೂ ಅನ್ನಿಸುತ್ತದೆ, ‘ನಾನೇ ನಾಲಾಯಕ್ಕು’ ಎಂದಾದರೂ ಅನ್ನಿಸುತ್ತದೆ. ಎರಡರಿಂದಲೂ ಮುಂದಿನ ಸಂದರ್ಶನಕ್ಕೆ ಕಲಿತುಕೊಳ್ಳುವುದು ಏನೂ ಇಲ್ಲ. ಆದುದರಿಂದ ಕೇಳಬೇಕು.

ಸರಕಾರಿ ಹುದ್ದೆಯಾದರೆ ಕೇಳುವುದಕ್ಕೆ ಕಾನೂನಿನ ಬೆಂಬಲವಿದೆ. 2005ರ ಮಾಹಿತಿ ಹಕ್ಕು ಅಧಿನಿಯಮದಂತೆ 10 ರೂಪಾಯಿ ಶುಲ್ಕ ಕಟ್ಟಿ, ಕನ್ನಡದಲ್ಲಿಯೇ ಅರ್ಜಿ ಬರೆದು, ತಾನು ಪಡೆದ ಅಂಕಗಳೇನೆಂದು ಕೇಳಬಹುದು. ಏಕೆ ಕೇಳುತ್ತೀರೆಂದು ವಿವರಿಸಬೇಕಾದ್ದಿಲ್ಲ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು. ಅಭ್ಯರ್ಥಿ ತನ್ನ ಉತ್ತರಪತ್ರಿಕೆಯನ್ನು ನೋಡಬಹುದೆಂದು 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಸಂದರ್ಶಕರ ಹೆಸರುಗಳನ್ನು ಕೊಡಬೇಕಿಲ್ಲವೆಂದು 2012ರಲ್ಲಿ ಹೇಳಿತು. ಆದರೆ ಈ ಕಾನೂನು ಕೊಡಿಸುವುದು ದಾಖಲೆಯಲ್ಲಿ ಇರುವುದನ್ನು ಮಾತ್ರ. ಅಂಕ ಎಷ್ಟೆಂಬುದು ದಾಖಲೆಯಲ್ಲಿರುತ್ತದೆ. ಏಕೆ ಅಷ್ಟೆಂಬುದು ಬಹುಮಟ್ಟಿಗೆ ಇರುವುದಿಲ್ಲ.

ಆ ‘ಏಕೆ’ಯನ್ನು ಮನುಷ್ಯರಿಂದಲೇ ಪಡೆಯಬೇಕು. ಖಾಸಗಿ ಸಂಸ್ಥೆಗಳಲ್ಲಂತೂ ಬೇರೆ ದಾರಿಯಿಲ್ಲ. ಅಲ್ಲಿ ಉತ್ತರ ಬರುವುದು ಸೌಜನ್ಯದಿಂದ. ‘ನನ್ನನ್ನು ಏಕೆ ಬಿಟ್ಟಿರಿ?’ ಎಂದು ಬರೆದರೆ ಓದಿದವರು ಕಟಕಟೆಯಲ್ಲಿ ನಿಂತಂತಾಗಿ ಬಾಯಿ ಮುಚ್ಚುತ್ತಾರೆ. ‘ಸಮಯ ಕೊಟ್ಟುದಕ್ಕೆ ಕೃತಜ್ಞ. ತಮ್ಮ ನಿರ್ಣಯವನ್ನು ಒಪ್ಪಿಕೊಂಡಿದ್ದೇನೆ. ಮುಂದಿನ ಸಂದರ್ಶನಕ್ಕೆ ಮೊದಲು ನಾನು ತಿದ್ದಿಕೊಳ್ಳಬೇಕಾದ ಒಂದು ಸಂಗತಿಯನ್ನು ತಿಳಿಸುವಿರಾ?’ ಇಷ್ಟು ಸಾಕು. ಉತ್ತರ ಬಾರದಿದ್ದರೆ ಅದನ್ನು ಅವಮಾನವೆಂದು ತಿಳಿಯಬಾರದು. ಬಂದರೆ ಅದರೊಡನೆ ವಾದಕ್ಕಿಳಿಯಬಾರದು.

ಹಾಗೆಂದು ಸಂದರ್ಶಕರ ಮಾತೆಲ್ಲ ವೇದವಾಕ್ಯವೂ ಅಲ್ಲ. ಶ್ರೀನಗರದ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಎರಡು ಮೂರು ನಿಮಿಷಗಳ ಸಂದರ್ಶನಕ್ಕೆ ಒಟ್ಟು ಅಂಕಗಳ ಮೂರನೆಯ ಒಂದು ಭಾಗವನ್ನು ಇಟ್ಟಿದ್ದರು. 1980ರ ಅಜಯ್ ಹಾಸಿಯಾ ಪ್ರಕರಣದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಆಕ್ಷೇಪಿಸಿ, ಅಂಥ ಪ್ರವೇಶಗಳಲ್ಲಿ ಸಂದರ್ಶನದ ಪಾಲು ಶೇಕಡಾ 15ನ್ನು ಮೀರಬಾರದೆಂದಿತು. ಸಂದರ್ಶನವನ್ನು ಧ್ವನಿಮುದ್ರಿಸುವುದು ಒಳ್ಳೆಯದೆಂದೂ ಸೂಚಿಸಿತು. ಕೆಲವು ನಿಮಿಷಗಳಲ್ಲಿ ಕಂಡದ್ದು ಮನುಷ್ಯನ ಪೂರ್ಣ ಬೆಲೆಯಲ್ಲವೆಂದು ನ್ಯಾಯಪೀಠವೇ ಬಲ್ಲದು. ಆದಕಾರಣ ಬಂದ ಉತ್ತರವನ್ನು ಜರಡಿ ಹಿಡಿಯಬೇಕು. ಎರಡು ಕಡೆಯಿಂದ ಒಂದೇ ಮಾತು ಬಂದರೆ ಮಾತ್ರ ಅದನ್ನು ತಪ್ಪದೆ ಗಂಟುಕಟ್ಟಿಕೊಳ್ಳಬೇಕು.

ಕೊನೆಗೆ ನಾನೂ ಅಂಥದೊಂದು ಕಾಗದ ಬರೆದೆ. ಸಂದರ್ಶಕರಲ್ಲೊಬ್ಬರು ಎರಡೇ ಸಾಲು ಬರೆದರು: ‘ನಿಮಗೆ ವಿಷಯ ಗೊತ್ತಿದೆ. ಆದರೆ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡತೊಡಗುತ್ತೀರಿ.’ ಒಂದು ದಿನ ಸಿಟ್ಟು ಬಂತು, ಮರುದಿನ ನಿಜವೆನಿಸಿತು. ಅವ್ವನಿಗೆ ಓದಿ ಹೇಳಿದೆ. ವಶೀಲಿಯ ಮಾತು ಸುಳ್ಳೆಂಬುದನ್ನೂ ಒಪ್ಪಿಕೊಂಡೆ.

‘ಇದನ್ನ ತಿಳಕೊಳ್ಳಾಕ ಅಷ್ಟು ದೂರ ಕಾಗದ ಬರದ್ಯಾ?’ ಎಂದು ಅವಳು ನಕ್ಕಳು. ‘ನನ್ನ ಕೇಳಿದ್ರ ನಾನ ಹೇಳ್ತಿದ್ನಲ್ಲೋ!’