ಟ್ರಾಕ್ಟರಿನ ಬ್ಯಾಟರಿಯು ಚಾರ್ಜಾಗದಿರಲು ಕಾರಣಗಳೂ ಪರೀಕ್ಷಾಕ್ರಮವೂ

ರೋಹಿಣಿ ಮಳೆ ಬಿದ್ದು ನೆಲವು ಹದಕ್ಕೆ ಬಂದ ದಿನ ಟ್ರಾಕ್ಟರು ಹೊರಡದೆ ನಿಂತರೆ ಆಗುವ ನಷ್ಟವನ್ನು ರೈತರಿಗೆ ವಿವರಿಸಬೇಕಾದುದಿಲ್ಲ. ಇಂಥ ಸಮಯದಲ್ಲಿ ಬ್ಯಾಟರಿಯೇ ಕೆಟ್ಟಿತೆಂದು ತಿಳಿದು, ಸಾವಿರಾರು ರೂಪಾಯಿ ತೆತ್ತು ಹೊಸದನ್ನು ತರುವ ವಾಡಿಕೆಯುಂಟು. ದೋಷವು ಚಾರ್ಜು ಮಾಡುವ ಭಾಗದಲ್ಲಿದ್ದರೆ ಹೊಸ ಬ್ಯಾಟರಿಯೂ ಕೆಲವೇ ದಿನಗಳಲ್ಲಿ ಹಳೆಯದರ ದಾರಿಯನ್ನೇ ಹಿಡಿಯುವುದು.

ಬ್ಯಾಟರಿಯ ಮುಖ್ಯ ಕೆಲಸವು ಇಂಜಿನನ್ನು ಹೊರಡಿಸುವುದು. ಇಂಜಿನು ಹೊರಟ ಮೇಲೆ ಬೆಲ್ಟಿನಿಂದ ತಿರುಗುವ ಆಲ್ಟರ್ನೇಟರು ವಿದ್ಯುತ್ತನ್ನುಂಟುಮಾಡಿ, ದೀಪಗಳಿಗೂ ಒದಗಿಸಿ, ಬ್ಯಾಟರಿಯಲ್ಲಿ ವ್ಯಯವಾದುದನ್ನು ಮರಳಿ ತುಂಬುವುದು. ರೆಗ್ಯುಲೇಟರು ಒತ್ತಡವು ಮಿತಿಮೀರದಂತೆ ತಡೆಯುವುದು. ಹಳೆಯ ಟ್ರಾಕ್ಟರುಗಳಲ್ಲಿ ಆಲ್ಟರ್ನೇಟರಿಗೆ ಬದಲಾಗಿ ಡೈನಮೋ ಇರುವುದುಂಟು. ಕಾರು, ಜೀಪುಗಳ ಏರ್ಪಾಡೂ ಬಹುಮಟ್ಟಿಗೆ ಇದೇ.

ಪರೀಕ್ಷೆಗೆ ಕೆಲವು ನೂರು ರೂಪಾಯಿಗೆ ದೊರೆಯುವ ಮಲ್ಟಿಮೀಟರು ಸಾಕು. ರಾತ್ರಿಯೆಲ್ಲ ನಿಂತಿದ್ದ ಟ್ರಾಕ್ಟರಿನ ಬ್ಯಾಟರಿಯು ೧೨.೬ ವೋಲ್ಟಿನಷ್ಟು ತೋರಿಸಿದರೆ ಪೂರ್ಣ ತುಂಬಿದೆಯೆಂದೂ, ೧೨ಕ್ಕಿಂತ ಕೆಳಗಿದ್ದರೆ ಬರಿದಾಗಿದೆಯೆಂದೂ ತಿಳಿಯತಕ್ಕದ್ದು. ಅನಂತರ ಇಂಜಿನನ್ನು ಮಧ್ಯಮ ವೇಗದಲ್ಲಿ ಓಡಿಸಿ ನೋಡಿದರೆ ೧೩.೮ರಿಂದ ೧೪.೫ ವೋಲ್ಟಿನವರೆಗೆ ಇರಬೇಕು. ನಿಂತಾಗ ಇದ್ದಷ್ಟೇ ಇದ್ದರೆ ಚಾರ್ಜು ಆಗುತ್ತಿಲ್ಲ. ೧೫ನ್ನು ಮೀರಿದರೆ ರೆಗ್ಯುಲೇಟರು ಕೆಟ್ಟಿದೆ. ಬ್ಯಾಟರಿಯು ಪದೇ ಪದೇ ನೀರು ಕೇಳುವುದೂ ಇದರ ಗುರುತೇ. ಚಾರ್ಜು ಸರಿಯಾಗಿದ್ದು, ಪೂರ್ಣ ತುಂಬಿದ ಮೇಲೂ ಸೆಲ್ಫ್ ಒತ್ತಿದೊಡನೆ ೯ ವೋಲ್ಟಿಗೂ ಕೆಳಗಿಳಿದರೆ ಮಾತ್ರ ಬ್ಯಾಟರಿಯ ಮೇಲೆ ಅನುಮಾನಪಡಬಹುದು.

ಚಾರ್ಜು ಇಲ್ಲವೆಂದು ಕಂಡ ಮೇಲೆ ಮೊದಲು ನೋಡತಕ್ಕದ್ದು ಬೆಲ್ಟು. ಇಂಜಿನು ನಿಂತಿರುವಾಗ ಹೆಬ್ಬೆರಳಿನಿಂದ ನಡುವೆ ಒತ್ತಿದರೆ ಸುಮಾರು ಅರ್ಧ ಅಂಗುಲ ತಗ್ಗಬೇಕು. ಹೆಚ್ಚು ತಗ್ಗಿದರೆ ಜಾರುವುದು. ಅತಿಯಾಗಿ ಬಿಗಿದರೆ ಬೇರಿಂಗು ಸವೆಯುವುದು. ಆಮೇಲೆ ಬ್ಯಾಟರಿಯ ಕೊನೆಗಳು. ಅಲ್ಲಿ ಕಟ್ಟಿದ ಬಿಳಿ ಹಸುರು ಹಿಟ್ಟನ್ನು, ಅಡಿಗೆ ಸೋಡ ಕದಡಿದ ನೀರು ಒಳಗಿಳಿಯದಂತೆ ಎಚ್ಚರವಹಿಸಿ, ತೊಳೆದು, ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನು ಸವರಬೇಕು. ಬಿಚ್ಚುವಾಗ ಋಣದ ತಂತಿ ಮೊದಲು, ಜೋಡಿಸುವಾಗ ಅದು ಕಡೆಗೆ. ಇಲ್ಲವಾದರೆ ಸ್ಪ್ಯಾನರು ಕಬ್ಬಿಣಕ್ಕೆ ತಗಲಿದೊಡನೆ ಕಿಡಿ ಹಾರುವುದು. ಬ್ಯಾಟರಿಯಿಂದ ಹೊರಡುವ ಅನಿಲವು ಹೊತ್ತಿಕೊಳ್ಳುವಂಥದು. ಬಳಿಯಲ್ಲಿ ಬೀಡಿ ಕೂಡದು.

ಬಹಳ ಮಂದಿ ಗಮನಿಸದಿರುವುದು ಎಚ್ಚರಿಕೆಯ ಕೆಂಪು ದೀಪ. ಕೀಲಿ ತಿರುಗಿಸಿದಾಗ ಅದು ಉರಿದು, ಇಂಜಿನು ಹೊರಟ ಮೇಲೆ ಆರಬೇಕು. ಕೀಲಿ ತಿರುಗಿಸಿದರೂ ಉರಿಯದಿದ್ದರೆ ಬಲ್ಬು ಸುಟ್ಟಿರಬಹುದು ಅಥವಾ ತಂತಿ ಕಡಿದಿರಬಹುದು. ಅನೇಕ ಆಲ್ಟರ್ನೇಟರುಗಳು ಕೆಲಸಕ್ಕೆ ತೊಡಗಲು ಬೇಕಾದ ಮೊದಲ ವಿದ್ಯುತ್ತು ಈ ಬಲ್ಬಿನ ಮೂಲಕವೇ ಬರತಕ್ಕದ್ದಾದುದರಿಂದ, ಅಲ್ಪ ಬೆಲೆಯ ಬಲ್ಬೊಂದು ಹೋದರೆ ಇಡೀ ಟ್ರಾಕ್ಟರಿನ ಚಾರ್ಜು ನಿಲ್ಲುವುದುಂಟು. ಇದನ್ನರಿಯದೆ ಆಲ್ಟರ್ನೇಟರನ್ನೇ ಬದಲಾಯಿಸುವುದು ವೃಥಾ ವೆಚ್ಚ.

ಇಂಜಿನು ನಿಂತಿರುವಾಗಲೂ ಆಲ್ಟರ್ನೇಟರಿನ ದಪ್ಪ ತಂತಿಯ ಕೊನೆಯಲ್ಲಿ ಬ್ಯಾಟರಿಯಷ್ಟೇ ವೋಲ್ಟು ಇರಬೇಕು. ಇಲ್ಲದಿದ್ದರೆ ಫ್ಯೂಸನ್ನೂ ತಂತಿಯನ್ನೂ ನೋಡುವುದು. ಇವೆಲ್ಲವೂ ನೆಟ್ಟಗಿದ್ದು ಚಾರ್ಜು ಆಗದಿದ್ದರೆ ಒಳಗಿನ ಬ್ರಷ್ಷು ಸವೆದಿರಬಹುದು, ರೆಗ್ಯುಲೇಟರು ಕೆಟ್ಟಿರಬಹುದು. ಆಗ ಬ್ಯಾಟರಿಯ ಋಣದ ತಂತಿಯನ್ನು ಬಿಚ್ಚಿ, ಆಲ್ಟರ್ನೇಟರನ್ನು ಕಳಚಿ ಪೇಟೆಯ ಆಟೋ ಎಲೆಕ್ಟ್ರಿಷಿಯನ್ನನಿಗೆ ತೋರಿಸುವುದು ಲೇಸು. ಟ್ರಾಕ್ಟರನ್ನೇ ಎಳೆಸಿಕೊಂಡು ಹೋಗಬೇಕಾದುದಿಲ್ಲ.

ಓಡುತ್ತಿರುವ ಇಂಜಿನಿನಲ್ಲಿ ಬ್ಯಾಟರಿಯ ತಂತಿಯನ್ನು ಕಿತ್ತು, ಇಂಜಿನು ನಿಲ್ಲುವುದೋ ಇಲ್ಲವೋ ಎಂದು ಪರೀಕ್ಷಿಸುವ ಪದ್ಧತಿಯೊಂದು ಹಳ್ಳಿಗಳಲ್ಲಿ ಉಳಿದಿದೆ. ಡೀಸೆಲ್ ಇಂಜಿನು ಹೇಗೂ ನಿಲ್ಲದಾದುದರಿಂದ ಅದರಿಂದ ಏನೂ ತಿಳಿಯದು. ಒತ್ತಡವು ಒಮ್ಮೆಲೇ ಏರಿ ಆಲ್ಟರ್ನೇಟರಿನೊಳಗಣ ಡಯೋಡುಗಳು ಸುಡುವ ಅಪಾಯ ಮಾತ್ರ ಖಂಡಿತ. ಟ್ರಾಕ್ಟರಿಗೆ ವೆಲ್ಡಿಂಗ್ ಮಾಡಿಸುವ ಮೊದಲೂ ಬ್ಯಾಟರಿಯ ತಂತಿಗಳನ್ನು ಬಿಚ್ಚಿಡತಕ್ಕದ್ದು.